ಫೈರ್ ರೇಟೋ, ನಿಖರತೆಯೋ: ಶೂಟರ್ ಆಟಗಳಲ್ಲಿ ಗನ್ ಆರಿಸುವ ಲೆಕ್ಕ

ನನ್ನ ಅಕ್ಕನ ಮಗ ಫೋನಿನಲ್ಲಿ ಬಿಜಿಎಂಐ ಎಂಬ ಶೂಟರ್ ಆಟ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಅವನ ಕೈಯಲ್ಲಿ ಮೈಕ್ರೋ ಉಜಿ ಎಂಬ ಅತಿ ವೇಗದ ಸಣ್ಣ ಗನ್ ಇತ್ತು. ಎದುರಿನ ಗುಡ್ಡದ ಇಳಿಜಾರಿನಲ್ಲಿ ಒಬ್ಬ ಎದುರಾಳಿ ಓಡುತ್ತಿದ್ದ, ನಡುವೆ ಸುಮಾರು 60 ಮೀಟರ್ ಅಂತರ. ಇವನು ಗುಂಡಿಯನ್ನು ಒತ್ತಿ ಹಿಡಿದ. ಒಂದೇ ಸೆಕೆಂಡಿನ ಆಸುಪಾಸಿನಲ್ಲಿ 25 ಗುಂಡುಗಳೂ ಖಾಲಿಯಾದವು. ಮೊದಲ ಎರಡು ಗುಂಡು ತಗುಲಿದ ಗುರುತು ಪರದೆಯ ಮೇಲೆ ಕಂಡಿತು, ಉಳಿದವೆಲ್ಲ ಎದುರಾಳಿಯ ತಲೆಯ ಮೇಲಿನ ಹುಲ್ಲಿನಲ್ಲಿ ಧೂಳೆಬ್ಬಿಸಿದವು. ಎದುರಾಳಿ ಮರದ ಹಿಂದೆ ಸರಿದು, ಎಂ416 ರೈಫಲ್ ತೆಗೆದು, ನಾಲ್ಕೈದು ಗುಂಡುಗಳಲ್ಲಿ ಇವನನ್ನು ನಾಕ್ ಮಾಡಿದ, ಅಂದರೆ ನೆಲಕ್ಕೆ ಬೀಳಿಸಿದ. 'ಮಾಮ, ಉಜಿ ಎಲ್ಲಕ್ಕಿಂತ ಜೋರಾಗಿ ಹೊಡೆಯುತ್ತಲ್ಲ, ಆದರೂ ಯಾಕೆ ಹೀಗಾಯ್ತು?' ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿ ಅಂದು ಒಂದು ಹಾಳೆಯ ಮೇಲೆ ಬರೆದುಕೊಟ್ಟ ಲೆಕ್ಕವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಆಟದ ಪರದೆಯಲ್ಲಿ ಪ್ರತಿ ಗನ್ನಿನ ಪಕ್ಕದಲ್ಲಿ ಡ್ಯಾಮೇಜ್, ಫೈರ್ ರೇಟ್, ರೇಂಜ್, ಸ್ಟೆಬಿಲಿಟಿ ಎಂದು ಉದ್ದುದ್ದ ಪಟ್ಟಿಗಳನ್ನು ತೋರಿಸುತ್ತಾರೆ. ಆ ಪಟ್ಟಿಗಳು ಗನ್ನಿನ ಬಗ್ಗೆ ಹೇಳುತ್ತವೆಯೇ ಹೊರತು, ಅದನ್ನು ಹಿಡಿದ ಕೈಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಫೈರ್ ರೇಟ್, ಅಂದರೆ ಗುಂಡು ಬಿಡುವ ವೇಗ, ಎಷ್ಟೇ ಇರಲಿ, ಬಿಟ್ಟ ಗುಂಡುಗಳಲ್ಲಿ ಎಷ್ಟು ಪಾಲು ತಗಲುತ್ತದೆ ಎಂಬುದು ಸೇರದೆ ಅದಕ್ಕೆ ಬೆಲೆ ಬರುವುದಿಲ್ಲ. ಆ ಪಾಲು ನಿಮ್ಮದು, ನಿಮ್ಮ ಫೋನಿನದು, ನೀವು ಸಾಮಾನ್ಯವಾಗಿ ಹೊಡೆದಾಡುವ ದೂರದ್ದು. ಆದ್ದರಿಂದ ಈ ಲೇಖನದಲ್ಲಿ ಇಂಥದ್ದೇ ಗನ್ ಒಳ್ಳೆಯದು ಎಂದು ನಾನು ತೀರ್ಪು ಕೊಡುವುದಿಲ್ಲ. ಅದನ್ನು ನೀವೇ ಅಳೆದು ಕಂಡುಕೊಳ್ಳುವ ದಾರಿಯನ್ನು ಹೇಳುತ್ತೇನೆ.

ಮೊದಲ ಹೆಜ್ಜೆ: ಫೈರ್ ರೇಟನ್ನು ಸಮಯಕ್ಕೆ ಬದಲಾಯಿಸಿ

ಫೈರ್ ರೇಟನ್ನು ಕೆಲವು ಆಟಗಳಲ್ಲಿ ನಿಮಿಷಕ್ಕೆ ಇಷ್ಟು ಗುಂಡು ಎಂದೂ, ಕೆಲವೆಡೆ ಸೆಕೆಂಡಿಗೆ ಇಷ್ಟು ಎಂದೂ ಕೊಡುತ್ತಾರೆ. ನಮಗೆ ಬೇಕಾದದ್ದು ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವಿನ ಸಮಯ. 60,000ವನ್ನು ನಿಮಿಷದ ಗುಂಡುಗಳ ಸಂಖ್ಯೆಯಿಂದ ಭಾಗಿಸಿದರೆ ಆ ಸಮಯ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದ ಎಕೆ-47 ನಿಮಿಷಕ್ಕೆ 600 ಗುಂಡು ಬಿಡುತ್ತದೆ ಎಂದರೆ ನಡುವಿನ ಸಮಯ 100 ಮಿಲಿಸೆಕೆಂಡ್. ಎಂ4ಎ4 666 ಬಿಡುತ್ತದೆ ಎಂದರೆ 90. ಪಬ್‌ಜಿ ಮತ್ತು ಬಿಜಿಎಂಐ ಆಟಗಳಲ್ಲಿ ಎಕೆಎಂಗೆ 100, ಸ್ಕಾರ್-ಎಲ್‌ಗೆ 96, ಎಂ416ಗೆ 86, ವೆಕ್ಟರ್‌ಗೆ 55, ಮೈಕ್ರೋ ಉಜಿಗೆ 48 ಮಿಲಿಸೆಕೆಂಡ್.

ಈಗ ಒಬ್ಬ ಎದುರಾಳಿಯನ್ನು ಬೀಳಿಸಲು ಎಷ್ಟು ಹೊಡೆತ ಬೇಕು ಎಂದು ನೋಡಬೇಕು. ಬಿಜಿಎಂಐಯಲ್ಲಿ ಆಟಗಾರನ ಜೀವ 100. ಎರಡನೇ ಲೆವೆಲ್‌ನ ವೆಸ್ಟ್ (ಮೈಗೆ ತೊಡುವ ಕವಚ) ಹೊಡೆತದ ಬಲವನ್ನು 40 ಪ್ರತಿಶತ ತಗ್ಗಿಸುತ್ತದೆ. ಎಂ416ನ ಡ್ಯಾಮೇಜ್ 41, ಎಕೆಎಂನದು 47, ಉಜಿಯದು 26 ಎಂದು ಇಟ್ಟುಕೊಳ್ಳೋಣ. ದೇಹದ ಯಾವ ಭಾಗಕ್ಕೆ ತಗುಲಿತು ಎಂಬ ವ್ಯತ್ಯಾಸವನ್ನು ಸದ್ಯಕ್ಕೆ ಬದಿಗಿಡೋಣ. ವೆಸ್ಟ್ ಕಳೆದ ಮೇಲೆ ಎಂ416ನ ಒಂದು ಗುಂಡಿಗೆ 24.6 ಉಳಿಯುತ್ತದೆ. ನಾಲ್ಕು ಗುಂಡಿಗೆ 98.4 ಆಗುತ್ತದೆ, ಎದುರಾಳಿ ಕೂದಲೆಳೆಯಲ್ಲಿ ಬದುಕಿರುತ್ತಾನೆ, ಹಾಗಾಗಿ ಐದನೆಯದು ಬೇಕೇ ಬೇಕು. ಎಕೆಎಂನ ಒಂದು ಗುಂಡಿಗೆ 28.2 ಬರುವುದರಿಂದ ನಾಲ್ಕು ಸಾಕು. ಉಜಿಗೆ 15.6 ಮಾತ್ರ ಉಳಿಯುವುದರಿಂದ ಏಳು ಬೇಕು.

ಮೊದಲ ಗುಂಡು ಗುಂಡಿ ಒತ್ತಿದ ಕ್ಷಣದಲ್ಲೇ ಹೊರಡುವುದರಿಂದ, ಹೊಡೆತಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು ನಡುವಿನ ಸಮಯದಿಂದ ಗುಣಿಸಬೇಕು. ಎಂ416ಗೆ ನಾಲ್ಕು ಗುಣಿಲೆ 86, ಅಂದರೆ 344 ಮಿಲಿಸೆಕೆಂಡ್. ಎಕೆಎಂಗೆ ಮೂರು ಗುಣಿಲೆ 100, ಅಂದರೆ 300. ಉಜಿಗೆ ಆರು ಗುಣಿಲೆ 48, ಅಂದರೆ 288. ಫೈರ್ ರೇಟ್ ಪಟ್ಟಿಯಲ್ಲಿ ಉಜಿಗೂ ಎಕೆಎಂಗೂ ಒಂದಕ್ಕೆ ಎರಡರಷ್ಟು ಅಂತರವಿತ್ತು. ಎದುರಾಳಿಯನ್ನು ಬೀಳಿಸುವ ಸಮಯದಲ್ಲಿ ಆ ಅಂತರ 12 ಮಿಲಿಸೆಕೆಂಡಿಗೆ ಇಳಿದಿದೆ, ಕಣ್ಣು ರೆಪ್ಪೆ ಬಡಿಯುವ ಹೊತ್ತಿಗಿಂತ ಎಷ್ಟೋ ಕಡಿಮೆ. ಎಂ416 ಎಕೆಎಂಗಿಂತ ವೇಗವಾಗಿ ಗುಂಡು ಬಿಟ್ಟರೂ ಈ ವೆಸ್ಟಿನ ಎದುರು ಅದಕ್ಕಿಂತ ನಿಧಾನ. ಗುಂಡಿನ ಬಲ, ಕವಚ, ಬೇಕಾದ ಹೊಡೆತಗಳ ಪೂರ್ಣಸಂಖ್ಯೆ, ಈ ಮೂರನ್ನು ಸೇರಿಸಿ ನೋಡದೆ ಬರೀ ಫೈರ್ ರೇಟ್ ನೋಡಿ ಗನ್ ಎತ್ತಿಕೊಳ್ಳುವುದರಲ್ಲಿರುವ ಮೊದಲ ತಪ್ಪು ಇದು.

ಎಲ್ಲ ಗುಂಡುಗಳೂ ತಗಲುತ್ತವೆ ಎಂದುಕೊಂಡು ಮಾಡಿದ ಲೆಕ್ಕ ಇದು. ನಿಜವಾದ ಆಟದಲ್ಲಿ ಹಾಗಾಗುವುದಿಲ್ಲ ಎಂದು ಆಡುವವರಿಗೆಲ್ಲ ಗೊತ್ತು.

ಎರಡನೇ ಹೆಜ್ಜೆ: ಗುಂಡು ಯಾಕೆ ತಪ್ಪುತ್ತಿದೆ ಎಂದು ತಿಳಿಯಿರಿ

'ಈ ಗನ್ನಿಗೆ ಅಕ್ಯುರೆಸಿ ಇಲ್ಲ' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ಮಾತಿನೊಳಗೆ ಬೇರೆ ಬೇರೆ ಸಂಗತಿಗಳಿವೆ, ಒಂದೊಂದಕ್ಕೂ ಮದ್ದು ಬೇರೆ.

ಒಂದು, ಚದುರುವಿಕೆ. ಗನ್ನನ್ನು ಎಷ್ಟೇ ಸ್ಥಿರವಾಗಿ ಹಿಡಿದರೂ ಆಟದ ಪ್ರೋಗ್ರಾಮೇ ಗುಂಡನ್ನು ಒಂದು ಸಣ್ಣ ಕೋನದೊಳಗೆ ಎಲ್ಲಿಗಾದರೂ ಕಳಿಸುತ್ತದೆ. ಅದು ಅದೃಷ್ಟದ ಪಾಲು, ಅಭ್ಯಾಸದಿಂದ ಅದನ್ನು ಗೆಲ್ಲಲಾಗದು. ಸ್ಕೋಪ್ ತೆರೆಯದೆ ಹಿಪ್ ಫೈರ್ ಮಾಡಿದಾಗ, ಓಡುತ್ತ ಅಥವಾ ಜಿಗಿಯುತ್ತ ಹೊಡೆದಾಗ ಈ ಕೋನ ದೊಡ್ಡದಾಗುತ್ತದೆ. ಎರಡು, ರಿಕಾಯ್ಲ್. ಪ್ರತಿ ಗುಂಡಿಗೂ ಗನ್ನಿನ ಮೂತಿ ಮೇಲೆ, ಸ್ವಲ್ಪ ಪಕ್ಕಕ್ಕೆ ಏಳುತ್ತದೆ. ಇದಕ್ಕೆ ಬಹುಮಟ್ಟಿಗೆ ಒಂದು ಕ್ರಮವಿರುತ್ತದೆ, ಆದ್ದರಿಂದ ಬೆರಳು ಅದನ್ನು ಕಲಿಯಬಲ್ಲದು. ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆ-47ನ ಗುಂಡುಗಳು ಮೊದಲು ನೇರ ಮೇಲಕ್ಕೆ, ಆಮೇಲೆ ಅಡ್ಡಕ್ಕೆ ಹೋಗುವ ದಾರಿಯನ್ನು ಬಾಯಿಪಾಠದಂತೆ ಕಲಿತ ಆಟಗಾರರು ಲಕ್ಷಾಂತರ ಇದ್ದಾರೆ. ಮೂರನೆಯದು, ದೂರದ ಗುರಿಗೆ ಗುಂಡು ತಲುಪಲು ಹಿಡಿಯುವ ಸಮಯ ಮತ್ತು ದಾರಿಯಲ್ಲಿ ಅದು ಕೆಳಗಿಳಿಯುವುದು. ಬಿಜಿಎಂಐಯಂಥ ಆಟಗಳಲ್ಲಿ ಇದು ಮುಖ್ಯ, ವ್ಯಾಲೊರಂಟ್‌ನಲ್ಲಿ ಇದರ ಗೊಡವೆಯಿಲ್ಲ.

ನಿಮ್ಮ ಗನ್ನಿನ ತೊಂದರೆ ಯಾವುದೆಂದು ತಿಳಿಯಲು ಗೋಡೆ ಸಾಕು. ಟ್ರೇನಿಂಗ್ ಗ್ರೌಂಡಿಗೆ ಹೋಗಿ, ಒಂದು ಬರಿಗೋಡೆಯಿಂದ ಸುಮಾರು 20 ಮೀಟರ್ ದೂರ ನಿಂತು, ಸ್ಕೋಪ್ ತೆರೆದು, ಒಂದೇ ಕಡೆ ಗುರಿ ಹಿಡಿದು, ಬೆರಳನ್ನು ಕೆಳಗೆ ಎಳೆಯದೆ ಇಡೀ ಮ್ಯಾಗಜಿನ್ ಖಾಲಿ ಮಾಡಿ. ಗೋಡೆಯ ಮೇಲಿನ ಗುರುತುಗಳನ್ನು ಹತ್ತಿರ ಹೋಗಿ ನೋಡಿ. ಗುರುತುಗಳು ಬಳ್ಳಿಯಂತೆ ಒಂದು ದಾರಿ ಹಿಡಿದು ಮೇಲೇರಿದ್ದರೆ ಅದು ರಿಕಾಯ್ಲ್. ಇನ್ನೊಂದು ಮ್ಯಾಗಜಿನ್ ಖಾಲಿ ಮಾಡಿದರೂ ಬಳ್ಳಿ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಹಬ್ಬುತ್ತದೆ. ಗುರುತುಗಳು ಚೆಲ್ಲಿದ ರಾಗಿಯಂತೆ ಗೊತ್ತುಗುರಿಯಿಲ್ಲದೆ ಹರಡಿ, ಎರಡನೇ ಸಲ ಬೇರೆಯದೇ ಆಕಾರ ತಾಳಿದರೆ ಅದು ಚದುರುವಿಕೆ. ಬಳ್ಳಿಯಾದರೆ ಆ ಗನ್ನಿಗೆ ನಿಮ್ಮ ಸಮಯ ಕೊಡಬಹುದು, ಅದು ಪಳಗುತ್ತದೆ. ಚೆಲ್ಲಿದ ರಾಗಿಯಾದರೆ ಎಷ್ಟು ಗಂಟೆ ಕೂತರೂ ಅದು ಬದಲಾಗದು. ಹತ್ತಿರ ಹೋಗುವುದು, ನಿಂತು ಹೊಡೆಯುವುದು, ಇಲ್ಲವೇ ಗನ್ ಬದಲಿಸುವುದು, ಈ ಮೂರೇ ದಾರಿ.

ಚದುರುವಿಕೆಯ ವಿಷಯದಲ್ಲಿ ದೂರ ಎಷ್ಟು ನಿರ್ದಯಿ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಗುಂಡು ಗುರಿಯಿಂದ ಒಂದು ಡಿಗ್ರಿ ಸರಿದರೆ 50 ಮೀಟರ್‌ನಲ್ಲಿ ಅದು ಸುಮಾರು 87 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. 100 ಮೀಟರ್‌ನಲ್ಲಿ ಒಂದೂಮುಕ್ಕಾಲು ಮೀಟರ್. ದೂರ ಎರಡು ಪಟ್ಟಾದರೆ ಗುಂಡುಗಳು ಹರಡುವ ವೃತ್ತದ ಅಗಲ ಎರಡು ಪಟ್ಟಾಗುತ್ತದೆ, ಅದರ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆ ವೃತ್ತ ಎದುರಾಳಿಯ ದೇಹಕ್ಕಿಂತ ದೊಡ್ಡದಾದ ಮೇಲೆ, ತಗಲುವ ಗುಂಡುಗಳ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಫೈರ್ ರೇಟ್ ಎರಡು ಪಟ್ಟಾದರೆ ಗುಂಡುಗಳು ಎರಡು ಪಟ್ಟಾಗುತ್ತವೆ, ಅಷ್ಟೆ. ದೂರ ಕಿತ್ತುಕೊಂಡದ್ದನ್ನು ವೇಗ ತುಂಬಿಕೊಡಲಾರದು ಎಂಬುದಕ್ಕೆ ಇದೇ ಕಾರಣ. ಅಕ್ಕನ ಮಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ ಉತ್ತರ ನಮ್ಮ ದೇಹದಲ್ಲೇ ಇದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. 'ಗುರಿ ಮೇಲೆ ಹೋಯಿತು, ಕೆಳಗೆ ಎಳೆಯಬೇಕು' ಎಂದು ಮನಸ್ಸಿಗೆ ಬಂದು ಬೆರಳು ಅಲುಗುವಷ್ಟರಲ್ಲಿ ಎಕೆಎಂ ಎರಡು ಗುಂಡು ಬಿಟ್ಟಿರುತ್ತದೆ, ಉಜಿ ನಾಲ್ಕೈದು ಬಿಟ್ಟಿರುತ್ತದೆ. ಫೈರ್ ರೇಟ್ ಹೆಚ್ಚಿದಷ್ಟೂ ನೋಡಿ ತಿದ್ದಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ, ರಿಕಾಯ್ಲ್‌ನ ದಾರಿಯನ್ನು ಮೊದಲೇ ಕೈಗೆ ಕಲಿಸಿರಬೇಕಾಗುತ್ತದೆ. ಹೊಸಬರ ಕೈಯಲ್ಲಿ ವೇಗದ ಗನ್ ಅಷ್ಟು ಹುಚ್ಚಾಗಿ ಕುಣಿಯುವುದು ಇದರಿಂದಲೇ. ಸೆಕೆಂಡಿಗೆ 30 ಫ್ರೇಮ್ ತೋರಿಸುವ ಕಡಿಮೆ ಬೆಲೆಯ ಫೋನಿನಲ್ಲಿ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಒಂದೂವರೆ ಫ್ರೇಮಿಗೊಮ್ಮೆ ಉಜಿಯ ಗುಂಡು ಹೊರಡುತ್ತಿರುತ್ತದೆ. ಪರದೆ ತೋರಿಸುವುದು ಯಾವಾಗಲೂ ಸ್ವಲ್ಪ ಹಳೆಯ ಸುದ್ದಿ. ಅಂಥ ಫೋನಿನಲ್ಲಿ ಆಡುವ ಹುಡುಗರಿಗೆ ನಾನು ಸ್ವಲ್ಪ ನಿಧಾನದ, ಸ್ಥಿರವಾದ ಗನ್ನುಗಳನ್ನೇ ಹೇಳುತ್ತೇನೆ.

ಮೂರನೇ ಹೆಜ್ಜೆ: ನಿಮ್ಮ ತಗಲುವ ಪಾಲನ್ನು ಅಳೆಯಿರಿ

ಈ ಕೆಲಸಕ್ಕೆ ಒಂದು ಸಂಜೆ ಸಾಕು, ಆದರೆ ಪ್ರಾಮಾಣಿಕವಾಗಿ ಮಾಡಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಟ್ರೇನಿಂಗ್ ಗ್ರೌಂಡಿನಲ್ಲಿ ಬೇರೆ ಬೇರೆ ದೂರದ ಗುರಿಗಳಿರುತ್ತವೆ; ಮ್ಯಾಪಿನಲ್ಲಿ ಮಾರ್ಕರ್ ಇಟ್ಟರೆ ನಡುವಿನ ಮೀಟರ್ ಎಷ್ಟೆಂದು ಆಟವೇ ತೋರಿಸುತ್ತದೆ. 15 ಮೀಟರ್, 50 ಮೀಟರ್, 100 ಮೀಟರ್, ಈ ಮೂರು ದೂರಗಳಲ್ಲಿ ಪ್ರತಿ ಗನ್ನಿನಿಂದ ಹತ್ತು ಸಲ ಹೊಡೆಯಿರಿ. ಪ್ರತಿ ಸಲವೂ ಹತ್ತೇ ಗುಂಡುಗಳ ಸ್ಪ್ರೇ (ಗುಂಡಿ ಒತ್ತಿ ಹಿಡಿದು ಸತತವಾಗಿ ಹೊಡೆಯುವುದು) ಸಾಕು, ಇಡೀ ಮ್ಯಾಗಜಿನ್ ಬೇಡ, ಏಕೆಂದರೆ ನಿಜವಾದ ಹೊಡೆದಾಟ ಹೆಚ್ಚಾಗಿ ಅಷ್ಟರೊಳಗೆ ಮುಗಿದಿರುತ್ತದೆ. ನೂರರಲ್ಲಿ ಎಷ್ಟು ತಗುಲಿತು ಎಂಬುದೇ ನಿಮ್ಮ ಪಾಲು.

ಗೆಳೆಯನೊಬ್ಬ ಜೊತೆಗಿದ್ದರೆ ಅವನನ್ನು ಅಡ್ಡಡ್ಡ ಓಡಿಸಿ, ಚಲಿಸುವ ಗುರಿಗೆ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ನಿಂತ ಗುರಿಗೆ ಬರುವ ಅಂಕಿ ಯಾವಾಗಲೂ ನಮ್ಮನ್ನು ಉಬ್ಬಿಸುತ್ತದೆ. ಪಂದ್ಯದಲ್ಲಿ ಕೈ ನಡುಗುತ್ತದೆ, ಎದುರಾಳಿ ತಿರುಗಿ ಹೊಡೆಯುತ್ತಾನೆ, ಆದ್ದರಿಂದ ನಾನು ನಿಂತ ಗುರಿಯ ಅಂಕಿಯಲ್ಲಿ ಮೂರನೇ ಒಂದು ಭಾಗ ಕಳೆದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಅದು ನನ್ನ ಅಂದಾಜು ಮಾತ್ರ, ನಿಮ್ಮದು ಬೇರೆಯಿರಬಹುದು.

ಅಂಕಿಗಳು ಸಿಕ್ಕ ಮೇಲೆ ಲೆಕ್ಕ ಸುಲಭ. ಬೇಕಾದ ಹೊಡೆತಗಳನ್ನು ತಗಲುವ ಪಾಲಿನಿಂದ ಭಾಗಿಸಿದರೆ ಬಿಡಬೇಕಾದ ಗುಂಡುಗಳು ಸಿಗುತ್ತವೆ. ಅದನ್ನು ಮೇಲಿನ ಪೂರ್ಣಸಂಖ್ಯೆಗೆ ಏರಿಸಿ, ಒಂದನ್ನು ಕಳೆದು, ನಡುವಿನ ಸಮಯದಿಂದ ಗುಣಿಸಬೇಕು. ನನ್ನ ನೋಟ್‌ಬುಕ್ಕಿನ ಒಂದು ಪುಟವನ್ನೇ ತೆರೆದಿಡುತ್ತೇನೆ. 15 ಮೀಟರ್‌ನಲ್ಲಿ ಉಜಿ ಮತ್ತು ಎಂ416 ಎರಡರಲ್ಲೂ ನನ್ನ ಪಾಲು 70 ಪ್ರತಿಶತ, ಎಕೆಎಂನಲ್ಲಿ 60. ಉಜಿಗೆ ಹತ್ತು ಗುಂಡು ಬೇಕು, 432 ಮಿಲಿಸೆಕೆಂಡ್. ಎಂ416ಗೆ ಎಂಟು ಗುಂಡು, 602. ಎಕೆಎಂಗೆ ಏಳು ಗುಂಡು, 600. ಇಲ್ಲಿ ಉಜಿ ಸ್ಪಷ್ಟವಾಗಿ ಮುಂದಿದೆ. ಮನೆಯೊಳಗೆ, ಮೆಟ್ಟಿಲ ಮೇಲೆ, ಬಾಗಿಲ ಸಂದಿಯಲ್ಲಿ ಅದನ್ನು ಮೀರಿಸುವುದು ಕಷ್ಟ.

50 ಮೀಟರ್‌ಗೆ ಹೋದರೆ ಪುಟವೇ ತಲೆಕೆಳಗಾಗುತ್ತದೆ. ಉಜಿಯಲ್ಲಿ ನನ್ನ ಪಾಲು 25 ಪ್ರತಿಶತಕ್ಕೆ ಇಳಿಯಿತು. ಏಳು ಹೊಡೆತಕ್ಕೆ 28 ಗುಂಡು ಬೇಕು, ಮ್ಯಾಗಜಿನ್‌ನಲ್ಲಿ ಇರುವುದೇ 25. ದೂರಕ್ಕೆ ಹೋದಂತೆ ಅದರ ಗುಂಡಿನ ಬಲವೂ ಕುಗ್ಗುವುದರಿಂದ ವಾಸ್ತವ ಇದಕ್ಕಿಂತ ಕೆಟ್ಟದ್ದು. ಎಂ416ನಲ್ಲಿ 45 ಪ್ರತಿಶತ ಬಂತು, 12 ಗುಂಡು, 946 ಮಿಲಿಸೆಕೆಂಡ್. ಎಕೆಎಂನ ಸ್ಪ್ರೇಯಲ್ಲಿ 30 ಪ್ರತಿಶತ ಬಂತು, 14 ಗುಂಡು, 1,300 ಮಿಲಿಸೆಕೆಂಡ್. ಅಕ್ಕನ ಮಗ ಗುಡ್ಡದ ಕಡೆಗೆ ಹೊಡೆದಾಗ ಗೆಲ್ಲುವ ದಾರಿಯೇ ಇರಲಿಲ್ಲ. ಅವನ ಕೈ ಸರಿಯಿತ್ತು, ಆ ದೂರಕ್ಕೆ ಆ ಮ್ಯಾಗಜಿನ್ ಸಾಲುತ್ತಿರಲಿಲ್ಲ.

ಇಷ್ಟೆಲ್ಲ ಬರೆಯಲು ಪುರುಸೊತ್ತಿಲ್ಲದವರಿಗೆ ಇನ್ನೊಂದು ಅಡ್ಡದಾರಿ ಇದೆ. ಬೇಕಾದ ಹೊಡೆತಗಳನ್ನು ನಡುವಿನ ಸಮಯದಿಂದ ಗುಣಿಸಿ ಒಂದು ಅಂಕಿ ಇಟ್ಟುಕೊಳ್ಳಿ. ಎರಡನೇ ಲೆವೆಲ್ ವೆಸ್ಟಿನ ಎದುರು ಉಜಿಗೆ 336, ಎಕೆಎಂಗೆ 400, ಎಂ416ಗೆ 430. ಎರಡು ಗನ್ನುಗಳ ಈ ಅಂಕಿಗಳನ್ನು ಭಾಗಿಸಿದರೆ, ನಿಧಾನದ ಗನ್ನು ಎಷ್ಟು ಹೆಚ್ಚು ಗುಂಡುಗಳನ್ನು ತಗುಲಿಸಿದರೆ ಸಮವಾಗುತ್ತದೆ ಎಂದು ತಿಳಿಯುತ್ತದೆ. 430ನ್ನು 336ರಿಂದ ಭಾಗಿಸಿದರೆ 1.28. ಉಜಿಯಲ್ಲಿ ನೀವು ಅರ್ಧ ಗುಂಡು ತಗುಲಿಸುತ್ತೀರಾದರೆ, ಎಂ416ನಲ್ಲಿ 64 ಪ್ರತಿಶತ ತಗುಲಿಸಿದ ಮೇಲೆಯೇ ಅದು ಲಾಭ. 430ನ್ನು 400ರಿಂದ ಭಾಗಿಸಿದರೆ 1.075. ಅಂದರೆ ಎಕೆಎಂನಲ್ಲಿ 50 ಪ್ರತಿಶತ ತಗಲುತ್ತಿದ್ದರೆ, ಎಂ416ನಲ್ಲಿ 54 ಬಂದರೆ ಸಾಕು, ಅದು ಮುಂದೆ ಹೋಗುತ್ತದೆ. ಆ ನಾಲ್ಕು ಅಂಕ ಯಾರಿಗೆ ಬೇಕಾದರೂ ಸಿಗುತ್ತದೆ, ಏಕೆಂದರೆ ಎಂ416ಗೆ ಮೂತಿಗೆ ರಿಕಾಯ್ಲ್ ತಗ್ಗಿಸುವ ಕಾಂಪೆನ್ಸೇಟರ್, ಮುಂಭಾಗದ ಗ್ರಿಪ್, ಟ್ಯಾಕ್ಟಿಕಲ್ ಸ್ಟಾಕ್ ಎಲ್ಲವನ್ನೂ ಹಾಕಬಹುದು. ಎಕೆಎಂಗೆ ಗ್ರಿಪ್ಪೂ ಇಲ್ಲ, ಸ್ಟಾಕೂ ಇಲ್ಲ. ಇಷ್ಟು ವರ್ಷಗಳಿಂದ ಅಷ್ಟೊಂದು ಜನ ಎಂ416ನ್ನು ಬಿಟ್ಟುಕೊಡದಿರಲು ಈ ಸಣ್ಣ ಅಂತರವೇ ಕಾರಣ ಎಂಬುದು ನನ್ನ ನಂಬಿಕೆ.

ನಾಲ್ಕನೇ ಹೆಜ್ಜೆ: ಫೈರ್ ರೇಟನ್ನು ನೀವೇ ತಗ್ಗಿಸಿ ನೋಡಿ

ಗನ್ನಿನ ಫೈರ್ ರೇಟ್ ಮೇಲ್ಮಿತಿ ಮಾತ್ರ. ಅದಕ್ಕಿಂತ ನಿಧಾನವಾಗಿ ಹೊಡೆಯುವುದು ನಿಮ್ಮ ಕೈಯಲ್ಲಿದೆ. ಅದೇ ಪುಟದಲ್ಲಿ 50 ಮೀಟರ್‌ನ ಎಕೆಎಂಗೆ ಇನ್ನೊಂದು ಸಾಲು ಬರೆದಿದ್ದೇನೆ. ಗುಂಡಿಯನ್ನು ಒತ್ತಿ ಹಿಡಿಯದೆ, ಸಿಂಗಲ್ ಮೋಡ್‌ನಲ್ಲಿ 200 ಮಿಲಿಸೆಕೆಂಡಿಗೊಂದರಂತೆ ಟ್ಯಾಪ್ ಮಾಡಿದಾಗ ನನ್ನ ಪಾಲು 30ರಿಂದ 65 ಪ್ರತಿಶತಕ್ಕೆ ಏರಿತು. ಏಳು ಗುಂಡು, 1,200 ಮಿಲಿಸೆಕೆಂಡ್. ವೇಗವನ್ನು ಅರ್ಧಕ್ಕಿಳಿಸಿದರೂ ಎದುರಾಳಿ ಬೇಗ ಬಿದ್ದ, ಗುಂಡುಗಳೂ ಅರ್ಧದಷ್ಟೇ ಖರ್ಚಾದವು. ಎಂ416ನಲ್ಲಿ ಅದೇ ಪ್ರಯೋಗ ಮಾಡಿದರೆ ಫಲ ಉಲ್ಟಾ: 180 ಮಿಲಿಸೆಕೆಂಡಿಗೊಂದರಂತೆ ಹೊಡೆದಾಗ 70 ಪ್ರತಿಶತ ತಗುಲಿದರೂ ಎಂಟು ಗುಂಡಿಗೆ 1,260 ಮಿಲಿಸೆಕೆಂಡ್ ಹಿಡಿಯಿತು, ಸ್ಪ್ರೇಯಲ್ಲಿ 946 ಸಾಕಾಗಿತ್ತು. ಒಂದೇ ದೂರದಲ್ಲಿ ಒಂದು ಗನ್ನಿಗೆ ಟ್ಯಾಪ್ ಹಿತ, ಇನ್ನೊಂದಕ್ಕೆ ಸ್ಪ್ರೇ ಹಿತ.

ಇದರಿಂದ ಮಾಡಬೇಕಾದದ್ದು ಇಷ್ಟು: ಪ್ರತಿ ಗನ್ನಿಗೂ, ಯಾವ ದೂರ ದಾಟಿದ ಮೇಲೆ ಸ್ಪ್ರೇ ನಿಲ್ಲಿಸಿ ಟ್ಯಾಪ್‌ಗೆ ಅಥವಾ ಮೂರು ಮೂರು ಗುಂಡಿನ ಬರ್ಸ್ಟ್‌ಗೆ ಬರಬೇಕು ಎಂಬುದನ್ನು ಕಂಡುಕೊಂಡು ಬರೆದಿಡಿ. ನನಗೆ ಎಕೆಎಂನಲ್ಲಿ ಅದು ಸುಮಾರು 40 ಮೀಟರ್, ಎಂ416ನಲ್ಲಿ 80ರ ಆಚೆ. ಜೈರೋಸ್ಕೋಪ್ ಬಳಸುವವರಿಗೆ ಈ ಗಡಿ ಇನ್ನೂ ದೂರಕ್ಕೆ ಹೋಗುತ್ತದೆ, ಏಕೆಂದರೆ ಫೋನನ್ನೇ ಬಾಗಿಸಿ ರಿಕಾಯ್ಲ್ ಇಳಿಸುವುದು ಹೆಬ್ಬೆರಳನ್ನು ಎಳೆಯುವುದಕ್ಕಿಂತ ಸಲೀಸು. ಕುಳಿತು ಹೊಡೆದರೂ ಗಡಿ ಹಿಗ್ಗುತ್ತದೆ.

ಎಲ್ಲ ಆಟಗಳೂ ಒಂದೇ ನಿಯಮಕ್ಕೆ ಬಗ್ಗುವುದಿಲ್ಲ ಎಂಬುದಕ್ಕೆ ಕೌಂಟರ್-ಸ್ಟ್ರೈಕ್‌ನ ನೆಗೆವ್ ಒಳ್ಳೆಯ ಉದಾಹರಣೆ. 2017ರ ಬದಲಾವಣೆಯ ನಂತರ ಆ ಮೆಷಿನ್ ಗನ್ನಿನ ಮೊದಲ ಗುಂಡುಗಳು ಎತ್ತೆತ್ತಲೋ ಹಾರಿ, ಒತ್ತಿ ಹಿಡಿದಂತೆ ಗುಂಡುಗಳು ಒಂದೆಡೆ ಕೂಡಿ ನೆಟ್ಟಗಾಗುತ್ತವೆ. ಅದರಲ್ಲಿ 150 ಗುಂಡುಗಳಿರುವುದರಿಂದ ಹಾಗೆ ಕಾಯುವುದೂ ಸಾಧ್ಯ. ಹೊಸ ಆಟಕ್ಕೆ ಕಾಲಿಟ್ಟಾಗ ಹಳೆಯ ಆಟದ ಅಭ್ಯಾಸವನ್ನು ನಂಬದೆ ಮತ್ತೆ ಗೋಡೆಯ ಮುಂದೆ ನಿಲ್ಲಬೇಕು.

ಐದನೇ ಹೆಜ್ಜೆ: ಒಂದೇ ಗುಂಡಿನ ಗಡಿಯನ್ನು ನೋಡಿ

ತಲೆಗೆ ಒಂದೇ ಗುಂಡು ಸಾಕಾಗುವ ಗನ್ನು ಸಿಕ್ಕಿತೆಂದರೆ ಫೈರ್ ರೇಟಿನ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆ-47 ಹೆಲ್ಮೆಟ್ ತೊಟ್ಟ ತಲೆಗೂ ಒಂದೇ ಗುಂಡಿನಲ್ಲಿ ಸಾಕು ಮಾಡುತ್ತದೆ; ಅದಕ್ಕಿಂತ ವೇಗವಾಗಿ ಗುಂಡು ಬಿಡುವ ಎಂ4ಎ4ಗೆ ಅದು ಸಾಧ್ಯವಿಲ್ಲ. ಎಕೆ-47ಕ್ಕೆ ಇರುವ ಗೌರವದಲ್ಲಿ ದೊಡ್ಡ ಪಾಲು ಇದರಿಂದ ಬಂದದ್ದು.

2020ರಲ್ಲಿ ಬಂದ ವ್ಯಾಲೊರಂಟ್‌ನಲ್ಲಿ ಈ ತೂಕ ಇನ್ನೂ ಸೂಕ್ಷ್ಮ. ಅದರ ಎರಡು ರೈಫಲ್‌ಗಳಲ್ಲಿ ವ್ಯಾಂಡಲ್ ಸೆಕೆಂಡಿಗೆ 9.75 ಗುಂಡು ಬಿಡುತ್ತದೆ, ಫ್ಯಾಂಟಮ್ 11. ಆಟದೊಳಗಿನ ಹಣದಲ್ಲಿ ಎರಡರ ಬೆಲೆಯೂ 2,900. ಪೂರ್ತಿ ಕವಚ ತೊಟ್ಟ ಎದುರಾಳಿಯ ಜೀವ 150. ಬಹುಕಾಲ ನಡೆದುಬಂದ ಅಂಕಿಗಳಂತೆ ವ್ಯಾಂಡಲ್‌ನ ಗುಂಡು ಎಷ್ಟು ದೂರದಲ್ಲೂ ದೇಹಕ್ಕೆ 40, ತಲೆಗೆ 160. ಫ್ಯಾಂಟಮ್‌ನದು 15 ಮೀಟರ್ ಒಳಗೆ ದೇಹಕ್ಕೆ 39, ತಲೆಗೆ 156. ಅದಾಚೆ 30 ಮೀಟರ್‌ವರೆಗೆ 35 ಮತ್ತು 140. ಹತ್ತಿರದಲ್ಲಿ ದೇಹಕ್ಕೆ ಎರಡಕ್ಕೂ ನಾಲ್ಕು ಗುಂಡು ಬೇಕು. ಫ್ಯಾಂಟಮ್‌ಗೆ 273 ಮಿಲಿಸೆಕೆಂಡ್, ವ್ಯಾಂಡಲ್‌ಗೆ 308. ವೇಗಕ್ಕೆ ಇಲ್ಲಿ ಬೆಲೆ ಇದೆ. 15 ಮೀಟರ್ ದಾಟಿದೊಡನೆ ಫ್ಯಾಂಟಮ್‌ಗೆ ಐದನೇ ಗುಂಡು ಬೇಕಾಗಿ 364 ಮಿಲಿಸೆಕೆಂಡ್ ಆಗುತ್ತದೆ, ತಲೆಗೆ ಹೊಡೆದರೂ ಎದುರಾಳಿ ಹತ್ತು ಜೀವ ಉಳಿಸಿಕೊಂಡು ನಿಲ್ಲುತ್ತಾನೆ. ಹಾಗೆಂದು ವ್ಯಾಂಡಲ್ಲೇ ಮೇಲು ಎನ್ನಲಾಗದು. ಫ್ಯಾಂಟಮ್‌ನ ಗುಂಡುಗಳು ಕಡಿಮೆ ಚದುರುತ್ತವೆ, ಅದರಲ್ಲಿ 30 ಗುಂಡುಗಳಿವೆ, ವ್ಯಾಂಡಲ್‌ನಲ್ಲಿ 25. ತಲೆಗೆ ನೆಟ್ಟಗೆ ಹೊಡೆಯಬಲ್ಲವರು ಉದ್ದನೆಯ ದಾರಿಗಳನ್ನು ಕಾಯುವಾಗ ವ್ಯಾಂಡಲ್ ಕೊಳ್ಳಲಿ; ಹೊಗೆಯೊಳಗೆ ಸ್ಪ್ರೇ ಮಾಡುತ್ತ ಹತ್ತಿರದಲ್ಲಿ ಕಾದಾಡುವವರು ಫ್ಯಾಂಟಮ್ ಕೊಳ್ಳಲಿ. ಈ ಎರಡು ಆಟಗಳಲ್ಲೂ ನಡೆಯುತ್ತ ರೈಫಲ್ ಹೊಡೆಯುವ ಅಭ್ಯಾಸವನ್ನು ಬಿಡಲೇಬೇಕು. ನಿಂತು ಹೊಡೆದಾಗ ಸಿಗುವ ನಿಖರತೆಯನ್ನು ಯಾವ ಫೈರ್ ರೇಟೂ ಕೊಡಲಾರದು.

ಬಿಜಿಎಂಐಯಲ್ಲಿ ಇದೇ ಜಾಗವನ್ನು ಕಾರ್98ಕೆ ತುಂಬುತ್ತದೆ. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಆ ರೈಫಲ್ ಎರಡನೇ ಲೆವೆಲ್‌ನ ಹೆಲ್ಮೆಟ್ ಇರುವ ತಲೆಗೆ ಒಂದೇ ಗುಂಡಿನಲ್ಲಿ ನಾಕ್ ಕೊಡುತ್ತದೆ.

ಆರನೇ ಹೆಜ್ಜೆ: ಜೋಡಿ ಕಟ್ಟಿ

ಎರಡು ಗನ್ ಹೊರಬಹುದಾದ ಆಟದಲ್ಲಿ ವೇಗವೋ ನಿಖರತೆಯೋ ಎಂಬ ಪ್ರಶ್ನೆಯನ್ನು ಒಂದೇ ಗನ್ನಿನ ಮೇಲೆ ಹೇರುವ ಅಗತ್ಯವಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ 15 ಮೀಟರ್‌ಗೆ ಮುಂದಿರುವ ಗನ್ ಒಂದು, 100 ಮೀಟರ್‌ಗೆ ಮುಂದಿರುವ ಗನ್ ಇನ್ನೊಂದು. ಆದರೆ ನಡುವಿನ 50 ಮೀಟರ್ ಖಾಲಿ ಬೀಳಬಾರದು. ಉಜಿ ಮತ್ತು ಕಾರ್98ಕೆ ಹೊತ್ತು ಬಯಲಿನಲ್ಲಿ ಸಿಕ್ಕಿಬಿದ್ದವನಿಗೆ ಆ ನಡುವಿನ ದೂರದ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ: ಒಂದರ ಗುಂಡು ತಲುಪುವುದಿಲ್ಲ, ಇನ್ನೊಂದರದು ಓಡುವವನಿಗೆ ತಗಲುವುದಿಲ್ಲ. ಎಂ416 ಮತ್ತು ಮಿನಿ14 ಜೋಡಿಗೆ ಒಂದೇ 5.56 ಗುಂಡು ಸಾಕು, ಎಕೆಎಂ ಮತ್ತು ಕಾರ್98ಕೆ ಅಥವಾ ಎಸ್‌ಕೆಎಸ್ ಜೋಡಿಗೆ 7.62 ಸಾಕು, ಬ್ಯಾಗಿನಲ್ಲಿ ಉಳಿಯುವ ಜಾಗವನ್ನು ಫಸ್ಟ್ ಏಡ್ ಕಿಟ್‌ಗಳಿಗೆ ಬಿಟ್ಟುಕೊಡಬಹುದು.

ಮ್ಯಾಗಜಿನ್ ಖಾಲಿಯಾಗುವ ಸಮಯವನ್ನೂ ಜೋಡಿ ಕಟ್ಟುವಾಗ ನೋಡಿ. ಉಜಿ 25 ಗುಂಡುಗಳನ್ನು 1.15 ಸೆಕೆಂಡಿನಲ್ಲಿ ಮುಗಿಸುತ್ತದೆ, ಎಂ416 30 ಗುಂಡುಗಳನ್ನು ಎರಡೂವರೆ ಸೆಕೆಂಡಿನಲ್ಲಿ. ಸ್ಕ್ವಾಡ್ ಆಟದಲ್ಲಿ ಒಬ್ಬನನ್ನು ಬೀಳಿಸಿದ ಕೂಡಲೇ ಎರಡನೆಯವನು ಎದುರಾಗುತ್ತಾನೆ, ರೀಲೋಡ್ ಮಾಡುವ ಆ ಹೊತ್ತಿನಲ್ಲಿ ಅತಿ ವೇಗದ ಗನ್ ಬರೀ ಕಬ್ಬಿಣ. ಆದ್ದರಿಂದ ವೇಗದ ಗನ್ನಿಗೆ ಎಕ್ಸ್‌ಟೆಂಡೆಡ್ ಮ್ಯಾಗಜಿನ್ ಮೊದಲು, ರಿಕಾಯ್ಲ್ ಹೆಚ್ಚಿರುವ ಗನ್ನಿಗೆ ಕಾಂಪೆನ್ಸೇಟರ್ ಮೊದಲು. ಎರಡರಲ್ಲಿ ಒಂದೇ ಸಿಕ್ಕಿದಾಗ ನಾನು ಈ ಕ್ರಮವನ್ನು ಬಿಟ್ಟಿಲ್ಲ.

ಇಲ್ಲಿ ಕೊಟ್ಟ ಡ್ಯಾಮೇಜ್ ಅಂಕಿಗಳನ್ನು ಅಪ್‌ಡೇಟ್‌ಗಳು ಆಗಾಗ ಒಂದೆರಡು ಅಂಕ ಏರಿಸಿ ಇಳಿಸುತ್ತವೆ. 98.4ಕ್ಕೂ 100ಕ್ಕೂ ನಡುವಿನ ಅಂತರವನ್ನು ನೋಡಿದವರಿಗೆ ಒಂದೇ ಅಂಕದ ಬದಲಾವಣೆ ಒಂದು ಇಡೀ ಗುಂಡನ್ನು ಉಳಿಸಬಹುದು ಅಥವಾ ಕಳೆಯಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಹೊಸ ಅಪ್‌ಡೇಟ್ ಬಂದಾಗ ಬೇಕಾದ ಹೊಡೆತಗಳನ್ನು ಮತ್ತೆ ಎಣಿಸಿ. ಫೋನ್ ಬದಲಿಸಿದಾಗ ಅಥವಾ ಸೆನ್ಸಿಟಿವಿಟಿ ತಿದ್ದಿದಾಗ ತಗಲುವ ಪಾಲನ್ನು ಮತ್ತೆ ಅಳೆಯಿರಿ. ಅಕ್ಕನ ಮಗ ಈಗ ಉಜಿಯನ್ನು ಬಿಟ್ಟಿಲ್ಲ. ಅವನ ನೋಟ್‌ಬುಕ್ಕಿನಲ್ಲಿ ಅದರ ಹೆಸರಿನ ಮುಂದೆ '20 ಮೀಟರ್ ಒಳಗೆ' ಎಂದು ಬರೆದಿದ್ದಾನೆ, ಗುಡ್ಡದ ಕಡೆಗೆ ತಿರುಗುವಾಗ ಎಂ416ಗೆ ಬದಲಿಸುತ್ತಾನೆ.